ಕಾಟಿ ಹತ್ತದ ಲಾರಿ

ಸೇಸಪ್ಪನ ಲಾರಿಗೆ ಇಪ್ಪತ್ತೆರಡು ವರ್ಷ. ಆದರೂ ಕಂಬಳದ ದಿನ ಅದನ್ನು ನೋಡಿದವರು ಹೊಸದೆಂದೇ ತಿಳಿಯಬೇಕು. ಮೈಗೆಲ್ಲ ಬಣ್ಣ. ಕ್ಯಾಬಿನ್ನಿನ ನೆತ್ತಿಯ ಮೇಲೆ ಹೆಬ್ಬಲಸಿನ ಗಟ್ಟಿ ಮರದ ಅಗಲವಾದ ಹಲಗೆ. ಅದರಲ್ಲಿ ಕೆಂಪು ದಾಸವಾಳಗಳು, ನಡುವೆ ಬಂಗಾರದ ಅಕ್ಷರಗಳಲ್ಲಿ ಅವನ ಹೆಸರು.

ಒಳಗಿನ ನೆಲ ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಕೋಣಗಳ ಕಾಲು ಜಾರದಿರಲೆಂದು ಅಲ್ಲಿ ದಪ್ಪಗೆ ಬೈಹುಲ್ಲು ಹಾಸುತ್ತಿದ್ದ. ಹಳೆಯದು ಒದ್ದೆಯಾದರೆ ಅದರ ಮೇಲೆಯೇ ಹೊಸದು. ಅಡಿಯ ಹಲಗೆಯನ್ನು ಅವನೂ ನೋಡಿ ಎಷ್ಟೋ ವರ್ಷವಾಗಿತ್ತು.

ಅಂದು ಬೆಳಿಗ್ಗೆ ದೇಜಣ್ಣನ ಅಂಗಳದಲ್ಲಿ ಸಂಭ್ರಮವೋ ಸಂಭ್ರಮ! ಅವನ ಕೋಣ ಕಾಟಿ ಮತ್ತು ಅದರ ಜೋಡಿ ಮೊದಲ ಸಲ ದೊಡ್ಡ ಕಂಬಳಕ್ಕೆ ಹೊರಟಿದ್ದವು. ಹನ್ನೊಂದಕ್ಕೆ ಹೆಸರು ಕೂಗುತ್ತಾರೆ. ಆಗ ಅಲ್ಲಿರದ ಜೋಡಿಗೆ ಓಟವಿಲ್ಲ. ವಾದ್ಯದವರು ಆಗಲೇ ಬಾರಿಸುತ್ತಿದ್ದರು. ಲಾರಿ ಬಾಡಿ ಕಟ್ಟುವ ನೆರೆಮನೆಯ ವಾಮನ ಆಚಾರಿಯವರೂ ನೋಡಲು ಬಂದಿದ್ದರು.

ಕಾಟಿ ಸೇಸಪ್ಪನ ಲಾರಿಯ ಏರುಹಲಗೆ ಹತ್ತಿತು. ಮುಂಗಾಲನ್ನು ಹುಲ್ಲಿನ ಮೇಲಿಟ್ಟಿತು. ಇಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡಿತು.

"ಹೆದರಿದೆ. ಇನ್ನೆರಡು ಸೂಡಿ ಹುಲ್ಲು ಹಾಕಿ ಮಾರಾಯ್ರೆ," ಎಂದ ಸೇಸಪ್ಪ.

ಹಾಕಿದರು. ಬೆಲ್ಲ ತೋರಿಸಿದರು. ಕಾಟಿ ಬೆಲ್ಲ ತಿಂದಿತು, ಕಾಲು ಮಾತ್ರ ಮುಂದಿಡಲಿಲ್ಲ.

"ಭಾರಿ ಉಷಾರಿದ್ದಾನೆ ಇವ!" ಎಂದು ಜನ ನಕ್ಕರು.

ಆಚಾರಿ ನಗಲಿಲ್ಲ. ಲಾರಿ ಹತ್ತಿ, ಹುಲ್ಲು ಸರಿಸಿ, ಸುತ್ತಿಗೆಯಿಂದ ಹಲಗೆಗಳನ್ನು ತಟ್ಟುತ್ತಾ ಹೋದರು. ಟಕ್. ಟಕ್. ಬೊದ್! ಸುತ್ತಿಗೆ ಒಳಗಿಳಿಯಿತು. ತೂತಿನಲ್ಲಿ ಅಂಗಳದ ಮಣ್ಣು ಕಂಡಿತು.

ದೇಜಣ್ಣನ ಮುಖ ಬಿಳಿಚಿತು. "ಇದರೊಳಗೆ ಕಾಲು ಹೋಗಿದ್ದರೆ ಕಾಟಿ ಮತ್ತೆ ಏಳುತ್ತಿತ್ತಾ ಸೇಸಪ್ಪ?"

"ಮೇಲೊಂದು ತಗಡು ಹೊಡೆಯುವ. ಇವತ್ತಿಗೆ ಸಾಕು," ಎಂದ ಸೇಸಪ್ಪ. ಸ್ವರ ಸಣ್ಣಗಾಗಿತ್ತು.

"ಹುಲ್ಲು ಮುಚ್ಚಿದ್ದು ಸಾಲದಾ, ಇನ್ನು ತಗಡು ಬೇರೆಯಾ? ಎರಡು ಹಲಗೆ ಕೀಳಬೇಕು. ನನಗದು ಅರ್ಧ ಗಂಟೆಯ ಕೆಲಸ. ಆದರೆ ಒಣಗಿದ ಗಟ್ಟಿ ಮರ ಈಗ ಎಲ್ಲುಂಟು?" ಎಂದರು ಆಚಾರಿ.

ವಾದ್ಯ ನಿಂತಿತು. ಸೇಸಪ್ಪ ಕಾಟಿಯ ಕಾಲನ್ನು ನೋಡಿದ. ಆಮೇಲೆ ತಲೆಯೆತ್ತಿ ದಾಸವಾಳದ ಹಲಗೆಯನ್ನು ನೋಡಿದ.

"ಸ್ಪಾನರ್ ಕೊಡಿ," ಎಂದು ಕ್ಯಾಬಿನ್ನಿನ ಮೇಲೆ ಹತ್ತಿ ಆ ಹಲಗೆಯನ್ನು ಬಿಚ್ಚತೊಡಗಿದ.

ಆಮೇಲೆ ನೋಡಬೇಕಿತ್ತು! ಒಬ್ಬ ಹುಲ್ಲು ಬಾಚಿದ, ಇನ್ನೊಬ್ಬ ಕೊಳೆತ ಹಲಗೆ ಕಿತ್ತ. ಆಚಾರಿಯ ಗರಗಸಕ್ಕೆ ಬಂಗಾರದ ಹೆಸರು ನಡುವೆ ಸೀಳಿ ಎರಡಾಯಿತು. ಎರಡೂ ತುಂಡುಗಳನ್ನು ಲಾರಿಯ ನೆಲಕ್ಕೆ ಕೂರಿಸಿ ಬೋಲ್ಟು ಬಿಗಿದರು. ಕಾಟಿ ಮತ್ತೆ ಮುಂಗಾಲಿಟ್ಟಿತು, ಒಮ್ಮೆ ಒತ್ತಿ ನೋಡಿತು, ಸರಸರನೆ ಒಳಗೆ ನಡೆಯಿತು. ಜೋಡಿಯೂ ಹಿಂಬಾಲಿಸಿತು. ಇಡೀ ಅಂಗಳ ಹೋ ಎಂದು ಕೂಗಿತು!

ಹೆಸರು ಕೂಗಲು ಹತ್ತು ನಿಮಿಷ ಇರುವಾಗ ಲಾರಿ ಕಂಬಳದ ಗದ್ದೆ ಮುಟ್ಟಿತು.

"ಎಂತ ಸೇಸಪ್ಪಣ್ಣ, ನಿನ್ನ ಹೆಸರಿನ ಬೋರ್ಡು ಕಾಣುವುದಿಲ್ಲ?" ಎಂದು ಯಾರೋ ಕೆಣಕಿದರು.

"ಕಾಟಿಯ ಕಾಲಡಿಯಲ್ಲಿ ಉಂಟು. ಅಲ್ಲೇ ಇರಲಿ."

ಈಗ ಪ್ರತಿ ಕಂಬಳದ ಮರುದಿನ ಅವನು ಹುಲ್ಲು ತೆಗೆದು ನೆಲ ತೊಳೆಯುತ್ತಾನೆ, ಬಿಸಿಲಿಗೆ ಒಣಗಿಸುತ್ತಾನೆ. ಮಳೆಗಾಲಕ್ಕೆ ಮುಂಚೆ, ಮರ ಕೊಳೆಯದಂತೆ ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಾನೆ. ಬಣ್ಣ ಅದಾದ ಮೇಲೆ.

ನೀತಿ: ಭಾರ ಹೊರುವ ಹಲಗೆ ಕಣ್ಣಿಗೆ ಬೀಳುವುದಿಲ್ಲ, ಮೊದಲು ನೋಡಬೇಕಾದದ್ದು ಅದನ್ನೇ. ಕೊಳೆತದ್ದನ್ನು ಮುಚ್ಚಿದರೆ ಕೊಳೆತ ಬೆಳೆಯುತ್ತದೆ; ಕಿತ್ತು ಗಟ್ಟಿಯದನ್ನು ಕೂರಿಸಿದರೆ ದಾರಿ ಸಾಗುತ್ತದೆ.