ನಮ್ಮ ಪಾಲಿನ ಗಾಜು

ಧಾರವಾಡದ ಒಂದು ಟ್ರಸ್ಟಿನವರು ಮೂರು ಹಾಸ್ಟೆಲ್ ನಡೆಸುತ್ತಿದ್ದರು. ದೊಡ್ಡ ಹಾಸ್ಟೆಲಿನ ಹುಡುಗರು ಕ್ರಿಕೆಟ್ ಆಡಿ ಓಣಿಯವರ ಕಿಟಕಿ ಒಡೆದೂ ಒಡೆದೂ, ಆ ನಷ್ಟ ತುಂಬಿಕೊಡುವ ವಿಮೆಯ ಕಂತು ಏರಿತು.

"ನಾವೆಲ್ಲಾ ಒಂದೇ ಮನಿಯವರು. ಮೂರೂ ಹಾಸ್ಟೆಲಿನವರು ಸಮ ಕಟ್ರಿ," ಎಂದರು ಅಧ್ಯಕ್ಷ ಮಲ್ಲಸರ್ಜಪ್ಪನವರು.

ಹುಡುಗಿಯರ ಸಣ್ಣ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ನೀಲವ್ವ ಲೆಕ್ಕ ಹಾಕಿದಳು. ಕಂತು ಕಟ್ಟಿದರೆ ಹುಡುಗಿಯರ ಊಟಕ್ಕೆ ಮಜ್ಜಿಗೆ ಇಲ್ಲ. ಆದರೂ "ಆಗಲಿ ಬಿಡ್ರೀ" ಎಂದಳು.

ಮರುದಿನ ಅಧ್ಯಕ್ಷರ ಮನೆ ಮುಂದೆ ಹುಡುಗಿಯರು ಸ್ಟಂಪ್ ನೆಟ್ಟಿದ್ದರು. ಬ್ಯಾಟು ನೀಲವ್ವನ ಕೈಯಲ್ಲಿತ್ತು.

"ಇದೇನ್ ಹಚ್ಚೀರಿ ನೀಲವ್ವಾ?"

"ನಾವು ಇನ್ನೂ ಒಂದು ಗಾಜೂ ಒಡದಿಲ್ರೀ. ರೊಕ್ಕ ಸಮ ಕೊಟ್ಟಮ್ಯಾಲೆ ನಮ್ಮ ಪಾಲಿಂದು ಒಡಕೊಂಡು ಹೋಗ್ತೀವ್ರಿ."

ಅಧ್ಯಕ್ಷರು ತಮ್ಮ ಹೊಸ ಗಾಜಿನ ವರಾಂಡವನ್ನೊಮ್ಮೆ ನೋಡಿದರು.

"ಒಡದವರೇ ಕಟ್ಟಲಿ. ಮೊದಲು ಆ ಬ್ಯಾಟ್ ಕೆಳಗಿಡು."

ಮಜ್ಜಿಗೆ ಉಳಿಯಿತು. ಹುಡುಗಿಯರು ಮಾತ್ರ ಮುಖ ಸಣ್ಣ ಮಾಡಿದರು. "ಒಂದು ಓವರ್ ಆದರೂ ಆಡಿ ಬ್ಯಾಟ್ ಕೆಳಗಿಡಬೇಕಿತ್ತು, ನೀಲವ್ವಾ."