ಗುಡ್ಡಕ್ಕೆ ಬಿಟ್ಟ ಜಾಗ

ತುಂಗಭದ್ರೆಯ ದಂಡೆಯಲ್ಲಿ ಹಾಡು ಕಲಿಸುವ ಒಂದು ಆಶ್ರಮ. ಗುರು ಮರುಳಯ್ಯನವರು ಮಾತಿನಲ್ಲಿ ನಿಧಾನ. ಶಿಷ್ಯೆ ನಾಗವೇಣಿಗೋ ಒಂದು ಪ್ರಶ್ನೆ ಮುಗಿಯುವುದರೊಳಗೆ ಇನ್ನೊಂದು ಹುಟ್ಟುತ್ತಿತ್ತು.

ಅವಳು ಕಂಪ್ಯೂಟರಿನಲ್ಲಿ ಸ್ವರ ಬರೆದು ಹಾಡು ಕಟ್ಟುತ್ತಿದ್ದಳು. ಬರೆದದ್ದನ್ನು ಅದೇ ಹೆಣ್ಣುದನಿಯಲ್ಲಿ ನುಡಿಸಿ ಕೇಳಿಸುತ್ತಿತ್ತು. ಆಶ್ರಮದ ಸಂಜೆಯ ಪ್ರಾರ್ಥನೆಗೆ ತಾನು ಕಟ್ಟಿದ ಹಾಡು ಸಲ್ಲಬೇಕೆಂಬುದು ಅವಳ ದೊಡ್ಡ ಆಸೆ. ಅಂದು ಸಂಜೆ ಅದನ್ನು ಎಲ್ಲರೂ ಹಾಡಿ ನೋಡುವುದೆಂದು ನಿಶ್ಚಯವಾಗಿತ್ತು. ಗುರುಗಳು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ.

ಬೆಳಿಗ್ಗೆ ಅವಳು ಗುರುಗಳ ಕಿವಿಗೆ ಹೆಡ್‌ಫೋನ್ ಹಾಕಿದಳು.

"ಹೆಂಗೈತ್ರಿ ಅಜ್ಜಾರ? ಒಪ್ಪಿತೇನ್ರಿ? ಇನ್ನೊಂದೀಟು ಜೋರು ಮಾಡ್ಲೇನ್ರಿ?"

ಮರುಳಯ್ಯನವರು ಹೆಡ್‌ಫೋನ್ ತೆಗೆದು ಸುತ್ತಮುತ್ತ ನೋಡಿದರು.

"ಎಷ್ಟು ಮಂದಿ ಹಾಡಾಕತ್ತಾರವ್ವ ಇದರಾಗ?"

"ಒಬ್ಬಾಕಿನ ರೀ. ಉಳಿದದ್ದು ಡಿಲೇ. ಕಂಪ್ಯೂಟರಿಗೆ ಪ್ಲಗಿನ್ ಅಂತ ಹೊಸಾ ಜೋಡಣಿ ಹಾಕೇನಿ."

"ಡಿಲೇ ಅಂದ್ರ?"

"ತಡಾ ಮಾಡೂದು ರೀ."

"ಅದು ನನಗೂ ಗೊತ್ತೈತಿ. ನೀ ದಿನಾ ಪಾಠಕ್ಕ ಬರೂದು ನೋಡೇನಲ್ಲ."

ನಾಗವೇಣಿ ನಕ್ಕು ವಿವರಿಸಿದಳು. ಹಾಡಿದ ಸ್ವರವನ್ನೇ ಅದು ತುಸು ತಡೆದು ಮತ್ತೆ ನುಡಿಸುತ್ತದೆ. ಎಷ್ಟು ಹೊತ್ತು ತಡೆಯಬೇಕು, ಎಷ್ಟು ಸಲ ಮರಳಿಸಬೇಕು, ಎಷ್ಟು ಜೋರಾಗಿ ಕೇಳಿಸಬೇಕು, ಎಲ್ಲ ನಮ್ಮ ಕೈಯಲ್ಲೇ. ಅವಳು ಎಲ್ಲವನ್ನೂ ಧಾರಾಳವಾಗಿ ಏರಿಸಿದ್ದಳು.

ಗುರುಗಳು ಸಂಜೆ ಹಾಡುವವರಿಗೆಂದು ಅವಳು ಸ್ವರ ಬರೆದಿದ್ದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಈ ಹಾಳ್ಯಾಗ ಡಿಲೇ ಎಲ್ಲೈತಿ?"

"ಹಾಳ್ಯಾಗ ಬರಂಗಿಲ್ರಿ. ನುಡಿಸುವಾಗ ಕಂಪ್ಯೂಟರ್ ಸೇರಸ್ತೈತಿ."

"ಸಂಜಿಗೆ ಮಂದಿ ಹಾಡುವಾಗ ಯಾರು ಸೇರಸ್ತಾರ?"

ಅದನ್ನು ನಾಗವೇಣಿ ಯೋಚಿಸಿಯೇ ಇರಲಿಲ್ಲ.

"ಬಾ," ಎಂದು ಗುರುಗಳು ಹಾಳೆಯನ್ನು ಅವಳ ಕೈಗಿತ್ತು ಹೊಳೆಗೆ ನಡೆದರು. ಆಚೆ ದಡದಲ್ಲಿ ಕಡಿದಾದ ಕಲ್ಲುಗುಡ್ಡ.

"ನಿನ್ನ ಹೆಸರು ಕೂಗು."

"ನಾಗವೇಣೀ..."

ತುಸು ತಡೆದು ಗುಡ್ಡವೂ ಕೂಗಿತು: "ವೇಣೀ..."

"ಅಯ್ಯ, ಡಿಲೇ!" ನಾಗವೇಣಿ ಕುಣಿದೇಬಿಟ್ಟಳು.

"ಹಾಡೀಗ."

ಹಾಡಿದಳು. ಒಂದು ಸ್ವರದ ಬಾಲ ಹಿಡಿದು ಇನ್ನೊಂದು. ನಡುವೆ ಉಸಿರಾಡಲೂ ಎಡೆಯಿಲ್ಲ. ಗುಡ್ಡದ ದನಿ ಅವಳ ದನಿಯ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರವಾಯಿತು. ಅವಳು ಹಟಕ್ಕೆ ಬಿದ್ದು ಇನ್ನೂ ಜೋರಾಗಿ ಹಾಡಿದಳು. ಗುಡ್ಡವೂ ಬಿಡಲಿಲ್ಲ.

"ಅಜ್ಜಾರ, ಇದರ ಸದ್ದು ಕಡಿಮಿ ಮಾಡೂದು ಹೆಂಗ್ರಿ?"

"ಗುಡ್ಡಕ್ಕ ಹೋಗಿ ಹೇಳಿ ಬಾ," ಎಂದು ಗುರುಗಳು ಕಲ್ಲಿನ ಮೇಲೆ ಆರಾಮಾಗಿ ಕೂತರು.

ನಾಗವೇಣಿ ಗುಡ್ಡವನ್ನು ನೋಡಿದಳು, ಹಾಳೆಯನ್ನು ನೋಡಿದಳು. ಅಲ್ಲೇ ಕೂತು ಸ್ವರಗಳನ್ನು ಹೊಡೆದುಹಾಕತೊಡಗಿದಳು. ಒಂದೊಂದೂ ಮುದ್ದಿನಿಂದ ಬರೆದದ್ದು, ಅಳುವೇ ಬಂತು. ಆದರೂ ಹೊಡೆದುಹಾಕಿದಳು, ಹಾಡಿದಳು, ಗುಡ್ಡ ಹೇಳುವುದು ಮುಗಿಯುವವರೆಗೆ ಕಾದಳು. ಬಿಸಿಲು ಏರುವ ಹೊತ್ತಿಗೆ ಹಾಳೆಯಲ್ಲಿ ಸ್ವರಕ್ಕಿಂತ ಖಾಲಿ ಜಾಗವೇ ಹೆಚ್ಚಾಗಿತ್ತು.

ಸಂಜೆ ಎಲ್ಲರೂ ಗುಡ್ಡದ ಎದುರಿಗೇ ಹೊಳೆಯ ಮೆಟ್ಟಿಲ ಮೇಲೆ ಕೂತು ಹಾಡಿದರು. ಒಂದು ಸಾಲು ಹಾಡಿ ಸುಮ್ಮನಾಗುವುದು. ಆಗ ಗುಡ್ಡ ಆ ಸಾಲನ್ನು ಮೆಲ್ಲಗೆ ಹಾಡುವುದು. ಹಾಡುವವರ ಮುಖಗಳು ಅರಳಿದವು. ಕೊನೆಯ ಸಾಲು ಮುಗಿದರೂ, ಗುಡ್ಡ ಮುಗಿಸಲಿ ಎಂದು ಯಾರೂ ಏಳಲಿಲ್ಲ.

ನಾಗವೇಣಿ ಓಡಿಬಂದಳು.

"ಹೆಂಗಿತ್ರಿ ಅಜ್ಜಾರ?"

ಇನ್ನೊಂದು ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಕಾದಳು. ಹೊಳೆಯ ನೀರು ಹರಿಯುವುದು ಕೇಳಿಸಿತು.

ಮರುಳಯ್ಯನವರು ಬಾಯಿತುಂಬ ನಕ್ಕರು.

"ಒಪ್ಪಿತವ್ವ. ಗುಡ್ಡಕ್ಕ ಬಿಟ್ಟಂಗ ಇವತ್ತು ನನಗೂ ಈಟು ಜಾಗ ಬಿಟ್ಟಿ."