ಹಲ್ಲು ಕಚ್ಚಿದ ಎತ್ತು

“ದಣಿವು ಆಗಬಾರ್ದಂತ ಕುಡಿತೀನ್ರಿ ವಸ್ತಾದರ. ಅದರಾಗ ತಪ್ಪೇನೈತ್ರಿ?”

ಗರಡಿ ಮನೆಯಲ್ಲಿ ಗುರುವಿಗೆ ಹೀಗೆ ಕೇಳಿದವನು ಲಗಮಣ್ಣನೆಂಬ ಹುಡುಗ ಪೈಲ್ವಾನ. ಅವನ ಕೈಯಲ್ಲಿ ಆಗಷ್ಟೇ ಖಾಲಿಯಾದ ಎನರ್ಜಿ ಡ್ರಿಂಕಿನ ಡಬ್ಬಿ ಇತ್ತು. ಈಚೆಗೆ ಅವನು ಸಾಮು-ಕಸರತ್ತಿಗೆ ಇಳಿಯುವ ಮುನ್ನ ಒಂದು, ನಡುವೆ ಇನ್ನೊಂದು ಕುಡಿಯುತ್ತಿದ್ದ. ಜೊತೆಯವರು ಸುಸ್ತಾಗಿ ಗೋಡೆಗೆ ಒರಗಿದಾಗಲೂ ಇವನ ಬಸ್ಕಿ ನಿಲ್ಲುತ್ತಿರಲಿಲ್ಲ. ಅದರ ಜಂಬ ನಾಲ್ಕೂರಿಗೆ ಹಂಚಿದರೂ ಮಿಗುವಷ್ಟಿತ್ತು. ಸಾಮು ಮುಗಿದು ಎಷ್ಟೋ ಹೊತ್ತಾದರೂ ಎದೆ ಡವಗುಟ್ಟುತ್ತಲೇ ಇರುವುದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ವಸ್ತಾದ ಕಲ್ಮೇಶಪ್ಪನವರು ಬೈಯಲಿಲ್ಲ. ಡಬ್ಬಿಯನ್ನು ಇಸಿದುಕೊಂಡು, ಅಖಾಡದ ಕೆಮ್ಮಣ್ಣಿನ ಮೇಲಿಟ್ಟು ಕತೆ ಹೇಳಿದರು.

ಒಬ್ಬ ರೈತನಿದ್ದ. ಭಾರದ ಬಂಡಿ ಎಳೆಯುವ ಪಂದ್ಯದಲ್ಲಿ ಅವನ ಜೋಡೆತ್ತು ಸುತ್ತಲಿನ ಊರಿಗೆಲ್ಲ ಹೆಸರುವಾಸಿ. ಅವನ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ರೂಢಿ ಇತ್ತು. ನೊಗ ಹೂಡುವ ಮುನ್ನ ಎತ್ತಿನ ಮುಂದೆ ನೀರಿನ ಬಕೆಟ್ ಇಡುವುದು. ನೀರಿಗೆ ಬಾಯಿ ಹಾಕಿದರೆ ಹೂಡುವುದು, ಮುಖ ತಿರುಗಿಸಿದರೆ ಮನೆಗೆ ಹೊಡೆದುಕೊಂಡು ಬರುವುದು. ಎಂಥ ಪಂದ್ಯವಿದ್ದರೂ ಅಷ್ಟೇ.

ಒಂದು ಪಂದ್ಯದ ದಿನ ಬಲಗಡೆಯ ಎತ್ತು ಮುಖ ತಿರುಗಿಸಿತು. ಹಿಂದಿನ ಪಂದ್ಯದ ದಣಿವು ಇನ್ನೂ ಅದರ ಮೈಯಲ್ಲಿತ್ತು. ಆದರೆ ಮೈದಾನ ತುಂಬಿ, ಜನ ರೈತನ ಹೆಸರು ಹಿಡಿದು ಕೂಗುತ್ತಿದ್ದರು. ಯಾವ ಮುಖ ಹೊತ್ತು ಹಿಂದಿರುಗುವುದೆಂದು ಅವನು ಒದ್ದಾಡಿದ. ಪೇಟೆಯಲ್ಲಿ ಜಿಮ್ಮಿಗೆ ಹೋಗುವ ಅವನ ಅಕ್ಕನ ಮಗ ಪಕ್ಕದಲ್ಲಿದ್ದ. ಅವನ ಚೀಲದ ತುಂಬ ಇಂಥವೇ ಡಬ್ಬಿಗಳು.

“ಮಾವ, ಮನಶಾರಿಗೆ ನಡೀತೈತಿ, ಎತ್ತಿಗೆ ಯಾಕ ನಡಿಯಂಗಿಲ್ಲ?” ಎಂದ.

ರೈತನಿಗೆ ಆ ಮಾತು ಹಿಡಿಸಿತು. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಬಂಡಿಯಲ್ಲೇ ಇತ್ತು. ಡಬ್ಬಿಗಳನ್ನು ಒಂದರ ಹಿಂದೊಂದು ಅದರೊಳಗೆ ಸುರಿದ. ಎತ್ತು ಹಲ್ಲು ಕಚ್ಚಿ ನಿಂತಿತು. ಅಕ್ಕನ ಮಗ ಮೂಗುದಾರ ಎಳೆದು ತಲೆ ಎತ್ತಿಸಿದ, ಅಲ್ಲೇ ನಿಂತಿದ್ದ ಇನ್ನೊಬ್ಬ ದವಡೆ ಅಗಲಿಸಿದ, ರೈತ ಗೊಟ್ಟ ತೂರಿಸಿ ಹೊಯ್ದ. ಎತ್ತು ಉಗುಳಿದಷ್ಟು ಉಗುಳಿತು. ಉಳಿದದ್ದು ಹೊಟ್ಟೆಗಿಳಿಯಿತು. ನೀರು ಬಕೆಟ್ಟಿನಲ್ಲಿ ಹಾಗೇ ಇತ್ತು.

ಆ ದಿನ ಅದು ಎಳೆದಂಥ ಎಳೆತವನ್ನು ಜನ ಹಿಂದೆಂದೂ ಕಂಡಿರಲಿಲ್ಲ. ಜೊತೆಯ ಎತ್ತು ಮುಗ್ಗರಿಸಿದರೂ ಇದು ಬಿಡಲಿಲ್ಲ. ಪಂದ್ಯ ಗೆದ್ದಿತು. ಜನ ರೈತನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಸೀಟಿ ಊದಿದ ಮೇಲೂ ಎತ್ತು ಎಳೆಯುತ್ತಲೇ ಇತ್ತು. ನಾಲ್ಕಾರು ಜನ ಸೇರಿ ತಡೆದು ನೊಗ ಕಳಚಿದರು. ಅದು ನಿಂತಲ್ಲೇ ಗಡಗಡ ನಡುಗಿತು.

ರೈತ ಹೆಗಲಿನಿಂದ ಹಾರಿ ಓಡಿ ಬಂದು ಅದರ ಎದೆಗೆ ಅಂಗೈ ಇಟ್ಟ. ಕಾಲುಗಳು ನಿಂತಿದ್ದವು, ಎದೆ ಇನ್ನೂ ಬಂಡಿ ಎಳೆಯುತ್ತಿತ್ತು. ಬಡಿತ ಒಮ್ಮೆ ತಪ್ಪಿತು, ಮತ್ತೆ ಹಿಡಿಯಿತು, ಮತ್ತೆ ತಪ್ಪಿತು. ಅವನ ಅಂಗೈಯ ಕೆಳಗೇ ನಿಂತುಹೋಯಿತು. ಎತ್ತು ಅವನ ಕಾಲ ಬುಡದಲ್ಲಿ ಕುಸಿಯಿತು. ರೈತ ತನ್ನ ಅಂಗೈಯನ್ನೇ ನೋಡುತ್ತ ಕುಳಿತ. ದಣಿವು ಎಲ್ಲಿಗೂ ಹೋಗಿರಲಿಲ್ಲ, ಅದು ಎತ್ತಿಗೆ ಗೊತ್ತಾಗದ ಹಾಗೆ ಮಾಡಿದಿರಿ ಅಷ್ಟೇ ಎಂದು ದನದ ಡಾಕ್ಟರು ಹೇಳಿ ಹೋದರು.

ಕತೆ ಮುಗಿಯುವಷ್ಟರಲ್ಲಿ ಲಗಮಣ್ಣನ ಕೈ ಅವನಿಗೇ ಗೊತ್ತಿಲ್ಲದೆ ಎದೆಯ ಮೇಲೆ ಹೋಗಿತ್ತು. ಇವತ್ತು ಅವನು ಇನ್ನೂ ಒಂದು ಬಸ್ಕಿಯನ್ನೂ ಹೊಡೆದಿರಲಿಲ್ಲ, ಆದರೂ ಅಂಗೈಯ ಕೆಳಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅವನಿಗೆ ಹೆದರಿಕೆಯಾಯಿತು. ಹೆದರಿಕೆ ತೋರಿಸಲಾಗದೆ ರೈತನ ಮೇಲೆ ಸಿಟ್ಟಾದ.

“ಎಂಥಾ ಕಟುಕರ್ರೀ ಅವರು. ಒಲ್ಲೆ ಅಂತ ಹಲ್ಲು ಕಚ್ಚಿದ ಮೂಕಪ್ರಾಣಿ ಬಾಯಿ ತಗಿಸಿ ಹೊಯ್ದರಲ್ರಿ.”

ವಸ್ತಾದರು ಖಾಲಿ ಡಬ್ಬಿಯನ್ನು ಎತ್ತಿ, ಮಣ್ಣು ಒರೆಸಿ, ಅವನ ಕೈಗೆ ವಾಪಸು ಕೊಟ್ಟರು.

“ಅದರ ಬಾಯಿ ತಗಸಾಕ ಮೂರು ಮಂದಿ ಬೇಕಾದ್ರು, ನಿನ್ನ ಬಾಯಿ ತಗಸಾಕ ಯಾರು ಬಂದಿದ್ರು, ತಮ್ಮಾ?”